ಕಡಲ ಗಾಳಿಗೆ ಒಡ್ಡಿದ ನಿಯಾನ್ ಬೋರ್ಡ್: ಪಿವಿಸಿಯೋ ಸಿಲಿಕೋನೋ?

ಪ್ರಶ್ನೆ: ಮಲ್ಪೆಯಲ್ಲಿ ನನ್ನದೊಂದು ಜ್ಯೂಸ್ ಅಂಗಡಿ ಇದೆ. ಕಳೆದ ವರ್ಷ ಮುಂಭಾಗಕ್ಕೆ ಎಲ್‌ಇಡಿ ನಿಯಾನ್‌ನಲ್ಲಿ, ಅಂದರೆ ಎಲ್‌ಇಡಿ ಪಟ್ಟಿಯಿರುವ ಬಾಗುವ ಕೊಳವೆಯಲ್ಲಿ, ಕನ್ನಡದ ಬೋರ್ಡ್ ಮಾಡಿಸಿದೆ. ಬೇಸಿಗೆ ಮುಗಿಯುವಷ್ಟರಲ್ಲಿ ಬಿಳಿ ಕೊಳವೆ ಹಳದಿಯಾಯಿತು, ಮಳೆಗಾಲದಲ್ಲಿ ಎರಡು ಅಕ್ಷರ ಆರಿಹೋದವು. ಹೊಸದಕ್ಕೆ ಒಬ್ಬರು ಪಿವಿಸಿ ಪ್ಲಾಸ್ಟಿಕ್ಕಿನ ಕೊಳವೆ ಸಾಕು ಅನ್ನುತ್ತಾರೆ, ಇನ್ನೊಬ್ಬರು ರಬ್ಬರಿನಂಥ ಸಿಲಿಕೋನೇ ಆಗಬೇಕು ಎಂದು ಎರಡು ಪಟ್ಟು ದರ ಹೇಳುತ್ತಾರೆ. ಅಷ್ಟು ಖರ್ಚು ಮಾಡಬೇಕೇ? ಒಳಗಿನ ಗೋಡೆಗೂ ಒಂದು ಬೋರ್ಡ್ ಮಾಡಿಸುವುದಿದೆ.
– ಓದುಗರು, ಮಲ್ಪೆ

ಉತ್ತರ: ಹೊರಗಿನದಕ್ಕೆ ಸಿಲಿಕೋನ್ ಹಾಕಿಸಿ, ಒಳಗಿನದಕ್ಕೆ ಪಿವಿಸಿ ಧಾರಾಳ ಸಾಕು. ಆದರೆ ಬರೀ ‘ಸಿಲಿಕೋನ್’ ಎಂದು ಹೇಳಿ ಮುಂಗಡ ಕೊಟ್ಟು ಬಂದುಬಿಟ್ಟರೆ ಮುಂದಿನ ಮಳೆಗಾಲಕ್ಕೂ ಇದೇ ಪಾಡಾದೀತು. ನಿಮ್ಮ ಬೋರ್ಡಿಗೆ ಬಂದದ್ದು ಎರಡು ಬೇರೆ ಬೇರೆ ಕಾಯಿಲೆ.

ಹಳದಿಯಾದದ್ದು ಬಿಸಿಲಿನಿಂದ. ಪಿವಿಸಿ ಹುಟ್ಟಿನಲ್ಲಿ ಗಡಸು ವಸ್ತು. ಬಾಗಲಿ ಎಂದು ಅದಕ್ಕೆ ಎಣ್ಣೆಯಂಥ ಮೆದುಕಾರಕ ಬೆರೆಸಿರುತ್ತಾರೆ. ಬಿಸಿಲಿಗೆ ಬಿದ್ದ ಪಿವಿಸಿ ಒಳಗೊಳಗೇ ಕ್ಲೋರಿನ್ ಕಳೆದುಕೊಂಡು ಹಳದಿಗೆ ತಿರುಗುತ್ತದೆ, ಮೆದುಕಾರಕವೂ ಆರುತ್ತಾ ಹೋಗಿ ಕೊಳವೆ ಬಿರುಸಾಗಿ ಬಿರುಕು ಬಿಡುತ್ತದೆ. ಸಿಲಿಕೋನಿನ ಬೆನ್ನೆಲುಬು ಸಿಲಿಕಾನ್–ಆಮ್ಲಜನಕದ ಸರಪಳಿ. ಬಿಸಿಲಿನ ನೇರಳಾತೀತ ಕಿರಣಕ್ಕೆ ಅದನ್ನು ಕಡಿಯುವ ಬಲವಿಲ್ಲ, ಉಪ್ಪುಗಾಳಿಯೂ ಅದನ್ನು ಕೆಡಿಸದು. ನೀವು ಕೊಡುವ ಹೆಚ್ಚಿನ ದುಡ್ಡು ಇದಕ್ಕೇ. ಪಾಲಿಯುರೇಥೇನ್ ಕೊಳವೆಯೂ ಸಿಗುತ್ತದೆ. ಹರಿಯದಷ್ಟು ಗಟ್ಟಿ, ಆದರೆ ಅದರ ಅಗ್ಗದ ಬಗೆ ಬಿಸಿಲಿಗೆ ಹಳದಿಯಾಗುತ್ತದೆ.

ಅಕ್ಷರ ಆರಿದ್ದು ಬಹುತೇಕ ತುದಿಯಿಂದ. ಇಂಥ ಬೋರ್ಡ್ ಬಿಚ್ಚಿದರೆ ನಾನು ಮೊದಲು ಕೊಳವೆ ತುದಿಯ ಮುಚ್ಚಳ (ಎಂಡ್ ಕ್ಯಾಪ್) ಎಳೆದು ನೋಡುತ್ತೇನೆ. ಸಲೀಸಾಗಿ ಕೈಗೆ ಬಂದುಬಿಡುತ್ತದೆ; ಒಳಗೆ ವೈರ್ ಬೆಸುಗೆಯ ಬುಡದಲ್ಲಿ ಹಸಿರು ಪುಡಿ. ತಾಮ್ರಕ್ಕೆ ಕಿಲುಬು ಹಿಡಿದಿದೆ. ಹೊಸ ಬೋರ್ಡಿನ ತುದಿಗೂ ಇದೇ ಅಪಾಯ: ಸಿಲಿಕೋನಿಗೆ ಸಿಲಿಕೋನ್ ಅಂಟು ಬಿಟ್ಟು ಬೇರೆ ಯಾವುದೂ ನೆಟ್ಟಗೆ ಕೂರುವುದಿಲ್ಲ. ಪಿವಿಸಿ ಗಮ್, ಸೂಪರ್ ಗ್ಲೂ ಎಲ್ಲ ಒಣಗಿದ ಮೇಲೆ ಸಿಪ್ಪೆಯಂತೆ ಏಳುತ್ತವೆ. ಅಂಟಿನಲ್ಲೂ ನೋಡಬೇಕು: ಹಚ್ಚುವಾಗ ವಿನಿಗರ್ ವಾಸನೆ ಬರುವ ಸಿಲಿಕೋನ್ ಬೇಡ. ಒಣಗುವಾಗ ಅದು ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ‘ನ್ಯೂಟ್ರಲ್ ಕ್ಯೂರ್’ ಎಂದು ಬರೆದದ್ದನ್ನೇ ಕೇಳಿ.

ಇನ್ನೊಂದು ಮಾತು. ಅಕ್ಷರದ ಬೋರ್ಡುಗಳಿಗೆ ಹೆಚ್ಚಾಗಿ ಬಳಸುವುದು ಸೀಳಿರುವ ಸಿಲಿಕೋನ್ ಕವಚದೊಳಗೆ ಎಲ್‌ಇಡಿ ಪಟ್ಟಿ ತೂರಿಸಿದ ಬಗೆ. ಹೆಸರಿಗೆ ಅದೂ ಸಿಲಿಕೋನೇ, ಆದರೆ ಪಟ್ಟಿ ತೂರಿಸಿದ ಸೀಳಿನಲ್ಲಿ ನೀರು ಇಳಿಯುತ್ತದೆ. ಒಳಾಂಗಣಕ್ಕೆ ಪರವಾಗಿಲ್ಲ, ಕರಾವಳಿಯ ಮಳೆಗೆ ಖಂಡಿತ ಬೇಡ. ಪಟ್ಟಿಯ ಸುತ್ತ ಸೀಳಿಲ್ಲದೆ ಒಂದೇ ಎರಕವಾಗಿ ಬಂದ, ಐಪಿ67 ದರ್ಜೆಯ ಕೊಳವೆ ಕೇಳಿ. ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದ್ದರೂ ಹಾನಿಯಾಗುವಷ್ಟು ನೀರು ಒಳಹೋಗಬಾರದು ಎಂಬುದು ಆ ದರ್ಜೆಯ ಅರ್ಥ. ನಡುವೆ ಕತ್ತರಿಸಿದ ಕ್ಷಣವೇ ಆ ದರ್ಜೆ ಹೋಯಿತು. ಆಮೇಲಿನದೆಲ್ಲ ಸೀಲ್ ಮಾಡುವವರ ಕೈಚಳಕ.

ಅದಕ್ಕೇ ಅಕ್ಷರ ಸ್ವಲ್ಪ ದೊಡ್ಡದಿರಲಿ ಎನ್ನುತ್ತೇನೆ. ನಮ್ಮ ಲಿಪಿ ಗುಂಡಗಿರುವುದರಿಂದ ನಿಯಾನಿಗೆ ಬಲು ಚೆನ್ನಾಗಿ ಒಪ್ಪುತ್ತದೆ. ತೊಡಕು ಒತ್ತಕ್ಷರದ್ದು. ‘ಜ್ಯೂಸ್’ನ ಯ ಒತ್ತನ್ನೇ ನೋಡಿ: ಅಷ್ಟು ಚಿಕ್ಕ ತಿರುವಿಗೆ ದಪ್ಪ ಕೊಳವೆ ಬಾಗುವುದಿಲ್ಲ, ಒತ್ತಾಯ ಮಾಡಿದರೆ ಒಳಗಿನ ತಾಮ್ರದ ಪಟ್ಟಿ ಬಿರುಕು ಬಿಡುತ್ತದೆ. ಬೇರೆ ತುಂಡಾಗಿ ಕೂರಿಸಿದರೆ ಸೀಲ್ ಮಾಡಬೇಕಾದ ತುದಿ ಎರಡು ಹೆಚ್ಚಾಯಿತು. ಅಕ್ಷರ ದೊಡ್ಡದಾದರೆ ಒಂದೇ ಓಟದಲ್ಲಿ ತಿರುಗಿಸುವ ದಾರಿ ಸಿಗುತ್ತದೆ.

ಕೊಟ್ಟದ್ದು ನಿಜಕ್ಕೂ ಸಿಲಿಕೋನೇ ಎಂದು ತಿಳಿಯಲು ಉಗುರಿನಷ್ಟು ಚೂರು ಸಾಕು. ತಾಮ್ರದ ತಂತಿಯನ್ನು ಉರಿಯಲ್ಲಿ ಕೆಂಪಗೆ ಕಾಯಿಸಿ, ಚೂರಿಗೆ ಒತ್ತಿ, ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಅದು ಪಿವಿಸಿ. ಸಿಲಿಕೋನ್ ಆದರೆ ಹಸಿರು ಕಾಣದು, ಚೂರನ್ನು ಸುಟ್ಟರೆ ಬಿಳಿ ಬೂದಿ ಉಳಿಯುತ್ತದೆ. ಇದನ್ನು ಬಯಲಿನಲ್ಲೇ ಮಾಡಿ, ಪಿವಿಸಿ ಹೊಗೆ ಎದೆಗೆ ಒಳ್ಳೆಯದಲ್ಲ.

ಸಿಲಿಕೋನಿಗೂ ಒಂದು ದೌರ್ಬಲ್ಯವಿದೆ. ನೀರಹನಿಯನ್ನು ತಡೆದರೂ ಅನಿಲವನ್ನು ಒಳಗೆ ಬಿಡುತ್ತದೆ. ಚರಂಡಿಯಿಂದೇಳುವ ಗಂಧಕದ ಅನಿಲ ಎಲ್‌ಇಡಿಯೊಳಗಿನ ಬೆಳ್ಳಿ ಲೇಪವನ್ನು ಕಪ್ಪಾಗಿಸಿ ಬೆಳಕನ್ನು ಮಂಕು ಮಾಡುತ್ತದೆ. ಬೋರ್ಡ್ ತೆರೆದ ಚರಂಡಿಯ ನೇರ ಮೇಲೆ ಬಾರದಂತೆ ನೋಡಿಕೊಳ್ಳಿ.

ಪೂರ್ತಿ ಹಣ ಕೊಡುವ ಮುನ್ನ ಮಾಡುವವರಿಂದಲೇ ಒಂದಡಿ ಕೊಳವೆಗೆ ಎರಡೂ ತುದಿ ಸೀಲ್ ಮಾಡಿಸಿಕೊಳ್ಳಿ. ಅಂಟು ಪೂರ್ತಿ ಒಣಗಿದ ಮೇಲೆ, ಕರೆಂಟ್ ಕೊಡದೆ, ಒಂದು ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಒರೆಸಿ ಎಂಡ್ ಕ್ಯಾಪ್ ಕೊಯ್ದು ನೋಡಿ; ಒಳಗೆ ತೇವವಿಲ್ಲದಿದ್ದರೆ ಅವರಿಗೇ ಕೆಲಸ ಕೊಡಿ.