ಹ್ಯಾಲೈಡ್ ಇಳಿಸಿ ಎಲ್‌ಇಡಿ ಹಾಕುವ ಮುನ್ನ: ರೀಫ್ ಟ್ಯಾಂಕ್ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಉಪ್ಪುನೀರಿನ ಟ್ಯಾಂಕ್. ಎರಡು ದೊಡ್ಡ ಸಾರ್ಕೊಫೈಟನ್, ಜೋವಾಂಥಸ್, ಮಶ್ರೂಮ್ ಹವಳಗಳಿವೆ. ಮೇಲೆ 250 ವಾಟ್‌ನ ಎರಡು ಮೆಟಲ್ ಹ್ಯಾಲೈಡ್ ದೀಪ, 14,000 ಕೆಲ್ವಿನ್ (ಅಂದರೆ ನೀಲಿ ಛಾಯೆಯ ಬೆಳಕಿನ) ಬಲ್ಬ್. ಬಲ್ಬ್ ಹಾಕಿ ವರ್ಷ ದಾಟಿದೆ, ಹೊಸದು ಸಿಗುವುದೇ ಕಷ್ಟ. ಏಪ್ರಿಲ್ ಬಂದರೆ ನೀರು 30 ಡಿಗ್ರಿ ದಾಟುತ್ತದೆ. ಈಗ 100 ವಾಟ್‌ನ ಎರಡು ಎಲ್‌ಇಡಿ ತರಿಸಿದ್ದೇನೆ. ಹಚ್ಚಿ ನೋಡಿದರೆ ನೀಲಿಯಾಗಿ, ಮಂಕಾಗಿ ಕಾಣುತ್ತದೆ. ಇಷ್ಟು ಸಾಕಾಗುತ್ತದೆಯೇ? ಒಂದೇ ದಿನ ಬದಲಿಸಬಹುದೇ?
– ಓದುಗರು, ವಿನೋಬನಗರ, ಶಿವಮೊಗ್ಗ

ಉತ್ತರ: ಒಂದೇ ದಿನ ಬದಲಿಸಬಹುದು. ಆದರೆ ಎಲ್‌ಇಡಿಯನ್ನು ಪೂರ್ತಿ ಬಲದಲ್ಲಿ ಮಾತ್ರ ಹಚ್ಚಬೇಡಿ. ನಿಮ್ಮ ಹವಳಗಳಿಗೆ ಬೆಳಕು ಕಡಿಮೆಯಾಗುವ ಭಯವಿಲ್ಲ, ಜಾಸ್ತಿಯಾಗುವ ಭಯವಿದೆ.

ಮಂಕಾಗಿ ಕಾಣುತ್ತದೆ ಅಂದಿರಲ್ಲ, ಹೆಚ್ಚಿನವರು ಹವಳ ಕಳೆದುಕೊಳ್ಳುವುದು ಅಲ್ಲೇ. ನಮ್ಮ ಕಣ್ಣು ಚೆನ್ನಾಗಿ ಹಿಡಿಯುವುದು ಹಸಿರು ಬೆಳಕನ್ನು, ಅಂದರೆ 555 ನ್ಯಾನೋಮೀಟರ್ ಆಸುಪಾಸಿನದನ್ನು. ಎಲ್‌ಇಡಿಯ ರಾಯಲ್ ಬ್ಲೂ ಇರುವುದು 450ರ ಹತ್ತಿರ. ಅಷ್ಟೇ ಶಕ್ತಿಯ ಹಸಿರು ಬೆಳಕಿಗೆ ಹೋಲಿಸಿದರೆ ಈ ನೀಲಿ ನಮ್ಮ ಕಣ್ಣಿಗೆ ನೂರರಲ್ಲಿ ನಾಲ್ಕು ಪಾಲಿನಷ್ಟೇ ಕಾಣುತ್ತದೆ. ಹವಳದ ಕಥೆ ಬೇರೆ. ಅದರ ಮೈಯೊಳಗೆ ಜೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ಇರುತ್ತದೆ. ಆ ಪಾಚಿ ಬೆಳಕಿನಿಂದ ಆಹಾರ ಮಾಡಿ ಹವಳಕ್ಕೂ ಕೊಡುತ್ತದೆ. ಅದಕ್ಕೆ ಬೇಕಾದದ್ದು ಮುಖ್ಯವಾಗಿ ಇದೇ ನೀಲಿ. ನಿಮಗೆ ಮಂಕಾಗಿ ಕಂಡದ್ದು ಅದಕ್ಕೆ ಸುಡುಬಿಸಿಲಾಗಿರಬಹುದು.

ಬೆಳಕು ಅತಿಯಾದರೆ ಪಾಚಿಯೊಳಗೆ ಆಮ್ಲಜನಕದ ಹಾನಿಕಾರಕ ರೂಪಗಳು ಹುಟ್ಟುತ್ತವೆ. ಆಗ ಹವಳ ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ನೆರಳಲ್ಲಿ ಬೆಳೆಸಿದ ಅಡಿಕೆ ಸಸಿಯನ್ನು ಒಮ್ಮೆಲೇ ಬಯಲಿಗೆ ತಂದಿಟ್ಟರೆ ಎಲೆ ಸುಡುವುದನ್ನು ನೀವು ನೋಡಿಯೇ ಇರುತ್ತೀರಿ, ಇದೂ ಹಾಗೆಯೇ. ಅದರಲ್ಲೂ ನಿಮ್ಮ ಬಲ್ಬ್‌ಗೆ ವರ್ಷ ದಾಟಿದೆ. ಹ್ಯಾಲೈಡ್ ಬಲ್ಬನ್ನು 9ರಿಂದ 12 ತಿಂಗಳಿಗೆ ಬದಲಿಸುವ ರೂಢಿ ಇರುವುದೇ ಅದು ಉರಿಯುತ್ತಾ ಬಲ ಕಳೆದುಕೊಳ್ಳುವುದರಿಂದ. ಅಂದರೆ ನಿಮ್ಮ ಹವಳಗಳು ಈಗಾಗಲೇ ಕಡಿಮೆ ಬೆಳಕಿಗೆ ಒಗ್ಗಿವೆ. ಆದ್ದರಿಂದ ಇನ್ನೂ ನಿಧಾನವಾಗಿ ಹೋಗಬೇಕು.

ವಾಟ್‌ಗೆ ವಾಟ್ ಹೋಲಿಸುವುದನ್ನು ಬಿಡಿ. ಅಳೆಯಬೇಕಾದದ್ದು ಪಾರ್. 400ರಿಂದ 700 ನ್ಯಾನೋಮೀಟರ್ ನಡುವಿನ ಎಷ್ಟು ಬೆಳಕು ಒಂದು ಜಾಗಕ್ಕೆ ಬೀಳುತ್ತಿದೆ ಎಂಬ ಲೆಕ್ಕ ಅದು. ಸಾರ್ಕೊಫೈಟನ್‌ಗೆ ಸಾಮಾನ್ಯವಾಗಿ 100ರಿಂದ 150, ಜೋವಾಂಥಸ್‌ಗೆ 80ರಿಂದ 120, ಮಶ್ರೂಮ್‌ಗೆ 50ರ ಹತ್ತಿರ ಇದ್ದರೆ ಸಾಕು. ಒಳ್ಳೆಯ ಗುಣಮಟ್ಟದ 100 ವಾಟ್‌ನ ಎರಡು ಎಲ್‌ಇಡಿ ಇದನ್ನು ಅರ್ಧ ಬಲದಲ್ಲೇ ಕೊಡಬಲ್ಲವು. ಪಾರ್ ಮೀಟರ್ ದುಬಾರಿ, ನಿಜ. ಬೆಂಗಳೂರು, ಮಂಗಳೂರಿನ ಹವ್ಯಾಸಿಗಳ ಬಳಿ ಇರುತ್ತದೆ, ನಾಲ್ಕು ದಿನಕ್ಕೆ ಕೇಳಿ ತರಿಸಿ. ಒಂದು ಎಚ್ಚರಿಕೆ: ಹಳೆಯ ಮಾದರಿಯ ಕೆಲವು ಮೀಟರ್‌ಗಳು ನೀಲಿ ಎಲ್‌ಇಡಿಯನ್ನು ಕಡಿಮೆ ಓದುತ್ತವೆ. ಎಲ್‌ಇಡಿಗೂ ಸರಿಹೊಂದುವ ಮಾದರಿಯನ್ನೇ ಕೇಳಿ. ಫೋನಿನ ಲಕ್ಸ್ ಆ್ಯಪ್ ಇಲ್ಲಿ ಬೇಡ. ಲಕ್ಸ್ ಅನ್ನುವುದೇ ಮನುಷ್ಯರ ಕಣ್ಣಿನ ಲೆಕ್ಕ. ಹ್ಯಾಲೈಡನ್ನೂ ಎಲ್‌ಇಡಿಯನ್ನೂ ಅದರಲ್ಲಿ ಹೋಲಿಸಿದರೆ ಉತ್ತರ ಖಂಡಿತ ತಪ್ಪು ಬರುತ್ತದೆ.

ಹ್ಯಾಲೈಡ್ ಇಳಿಸುವ ಮೊದಲೇ ಅಳತೆ ಮಾಡಿ. ಬಂಡೆಯ ತುದಿ, ನಡು, ಮರಳು, ಎರಡು ಮೂಲೆ, ಇಷ್ಟು ಜಾಗದ ಅಂಕಿ ಬರೆದಿಡಿ. ಆಮೇಲೆ ಎಲ್‌ಇಡಿಯನ್ನು ನೀರಿನಿಂದ 25–30 ಸೆಂಟಿಮೀಟರ್ ಮೇಲೆ ತೂಗುಹಾಕಿ, ಹಳೆಯ ಅಂಕಿಯ ಮೂರರಲ್ಲಿ ಎರಡು ಪಾಲು ಬರುವಂತೆ ಶುರು ಮಾಡಿ. ಮೀಟರ್ ಸಿಗದೇ ಹೋದರೆ ಶೇ 30ರ ಬಲದಲ್ಲಿ, ದಿನಕ್ಕೆ 7 ಗಂಟೆ. ವಾರಕ್ಕೆ ಶೇ 5ಕ್ಕಿಂತ ಜಾಸ್ತಿ ಏರಿಸಬೇಡಿ. ಬಲವನ್ನೂ ಗಂಟೆಯನ್ನೂ ಒಂದೇ ವಾರ ಏರಿಸಬೇಡಿ. ಏನಾದರೂ ತೊಂದರೆ ಬಂದರೆ ಯಾವುದರಿಂದ ಬಂತು ಅಂತ ಗೊತ್ತಾಗುವುದಿಲ್ಲ.

ಇಲ್ಲಿಂದ ಮುಂದೆ ಹವಳಗಳನ್ನೇ ನೋಡುತ್ತಿರಬೇಕು. ಮಶ್ರೂಮ್ ಕುಗ್ಗಿ ಅಂಚು ಮಡಚಿಕೊಂಡರೆ, ಬಂಡೆ ಬಿಟ್ಟು ಕಳಚಿಕೊಂಡರೆ ಬೆಳಕು ಜಾಸ್ತಿಯಾಗಿದೆ. ಅಗಲವಾಗಿ ಹರಡಿ ತೆಳ್ಳಗಾದರೆ ಕಡಿಮೆ. ಜೋವಾಂಥಸ್ ಕಾಂಡ ಉದ್ದ ಮಾಡಿ ಮೇಲಕ್ಕೆ ಚಾಚುತ್ತಿದ್ದರೆ ಬೆಳಕು ಸಾಲುತ್ತಿಲ್ಲ. ಸಾರ್ಕೊಫೈಟನ್ ಮಾತ್ರ ಸುಮ್ನೆ ಹೆದರಿಸುತ್ತದೆ. ಏನೇ ಬದಲಾದರೂ ಕೆಲವು ದಿನ ಮುಚ್ಚಿಕೊಂಡು, ಮೇಣದಂಥ ಪೊರೆ ಕಳಚಿ, ಮತ್ತೆ ಅರಳುತ್ತದೆ. ಪೊರೆ ಕಳಚಿದ ಮೇಲೂ ಬಣ್ಣ ತಿಳಿಯಾಗುತ್ತಲೇ ಹೋದರೆ ಆಗ ಬೆಳಕು ಇಳಿಸಿ, ಎರಡು ವಾರ ಹಾಗೇ ಬಿಡಿ.

ಬಣ್ಣದ ಚಾನೆಲ್‌ಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನೀಲಿ, ನೇರಳೆ ಮುಖ್ಯವಾಗಿರಲಿ. ಬಿಳಿ ಅದರ ಮೂರನೇ ಒಂದರಷ್ಟು ಇದ್ದರೆ ನಿಮ್ಮ 14,000 ಕೆಲ್ವಿನ್ ನೋಟಕ್ಕೆ ಹತ್ತಿರ ಬರುತ್ತದೆ. ಕೆಂಪು, ಹಸಿರು ನಿಮ್ಮ ಕಣ್ಣಿನ ಸಂತೋಷಕ್ಕಷ್ಟೇ, ಸ್ವಲ್ಪ ಸಾಕು.

ಇನ್ನೊಂದು ವ್ಯತ್ಯಾಸ ಕೊಳ್ಳುವಾಗ ಯಾರೂ ಹೇಳುವುದಿಲ್ಲ. ಹ್ಯಾಲೈಡ್‌ನ ದೊಡ್ಡ ರಿಫ್ಲೆಕ್ಟರ್ ನಾನಾ ಕೋನಗಳಿಂದ ಬೆಳಕು ಚೆಲ್ಲುತ್ತದೆ. ಎಲ್‌ಇಡಿಯಲ್ಲಿ ಚಿಕ್ಕ ಜಾಗದಿಂದ ಬೆಳಕು ಬರುವುದರಿಂದ ನೆರಳು ಗಾಢ. ಸಾರ್ಕೊಫೈಟನ್‌ನ ಅಗಲ ಟೋಪಿಯ ಕೆಳಗಿರುವ ಜೋವಾಂಥಸ್‌ಗೆ ಬೆಳಕೇ ತಲುಪದೇ ಇರಬಹುದು. ಅದನ್ನು ಆ ನೆರಳಿನಿಂದ ಸರಿಸಿಡಿ.

ಖರ್ಚಿನ ವಿಷಯ. ಬ್ಯಾಲಸ್ಟ್ (ದೀಪಕ್ಕೆ ಕರೆಂಟ್ ಹದ ಮಾಡಿ ಕೊಡುವ ಪೆಟ್ಟಿಗೆ) ನಷ್ಟ ಸೇರಿ ಹ್ಯಾಲೈಡ್‌ಗಳು ಸುಮಾರು 550 ವಾಟ್ ಎಳೆಯುತ್ತವೆ. ದಿನಕ್ಕೆ 8 ಗಂಟೆಯಾದರೆ ತಿಂಗಳಿಗೆ 132 ಯೂನಿಟ್. ಎಲ್‌ಇಡಿ ಪೂರ್ತಿ ಬಲದಲ್ಲಿ 9 ಗಂಟೆ ಉರಿದರೂ 54. ಬೇಸಿಗೆಯಲ್ಲಿ ನೀರೂ ತಂಪು, ಏಕೆಂದರೆ ಹ್ಯಾಲೈಡ್‌ನ ಶಾಖ ನೇರ ನೀರಿಗೆ ಬೀಳುತ್ತದೆ, ಎಲ್‌ಇಡಿಯ ಶಾಖ ಹೀಟ್‌ಸಿಂಕ್ ಮೂಲಕ ಮೇಲಿನ ಗಾಳಿಗೆ ಹೋಗುತ್ತದೆ. ಆದರೆ ಡಿಸೆಂಬರ್‌ನ ಚಳಿಯಲ್ಲಿ ಇಷ್ಟು ದಿನ ಹ್ಯಾಲೈಡ್ ಮಾಡುತ್ತಿದ್ದ ಕೆಲಸ ಹೀಟರ್ ಮೇಲೆ ಬೀಳುತ್ತದೆ. ಒಂದು ದೊಡ್ಡ ಹೀಟರ್ ಬದಲು 150 ವಾಟ್‌ನ ಎರಡು ಹಾಕಿ. ಒಂದು ಕೆಟ್ಟು ಉರಿಯುತ್ತಲೇ ಉಳಿದರೂ ನೀರು ಬೇಗ ಕಾಯುವುದಿಲ್ಲ.

ಹಳೆಯ ಹ್ಯಾಲೈಡ್ ಬಲ್ಬ್‌ನಲ್ಲಿ ಪಾದರಸ ಇದೆ. ಕಸದ ಗಾಡಿಗೆ ಹಾಕಬೇಡಿ, ಒಡೆಯದಂತೆ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿ ಕೊಡಿ.

ಪ್ರಶ್ನೆ: ನಾನು ಎಲ್‌ಇಡಿಗೆ ಬದಲಾಗಿ ತಿಂಗಳಾಯಿತು. ಹವಳಗಳು ಬಿಳಿಚಿಕೊಂಡಿಲ್ಲ. ಆದರೆ ಅಲ್ಕಲಿನಿಟಿ, ಅಂದರೆ ನೀರಿನ ಕ್ಷಾರದ ಅಳತೆ, 8.5ರಿಂದ 7 ಡಿಗ್ರಿಗೆ (ಡಿಕೆಎಚ್) ಇಳಿದಿದೆ. ಬಂಡೆಯ ಮೇಲಿನ ನೇರಳೆ ಪಾಚಿಯ ಬೆಳವಣಿಗೆ ನಿಂತಿದೆ. ಆವಿಯಾದ ನೀರಿನ ಬದಲಿಗೆ ಮೊದಲಿನಂತೆಯೇ ಸುಣ್ಣದ ನೀರು ಹನಿಸುತ್ತಿದ್ದೇನೆ, ಲೀಟರಿಗೆ 0.4 ಗ್ರಾಂ ಪುಡಿ. ಟ್ಯಾಂಕಿನಲ್ಲಿ ಸುಮಾರು 350 ಲೀಟರ್ ನೀರಿದೆ. ಮೊದಲು ದಿನಕ್ಕೆ 6 ಲೀಟರ್ ಬೇಕಾಗುತ್ತಿತ್ತು, ಈಗ 4 ಸಾಕು. ಎಲ್‌ಇಡಿ ಬೆಳಕಿನಲ್ಲೇ ಏನೋ ಕೊರತೆ ಇದೆಯೇ?
– ಓದುಗರು, ಸಾಗರ

ಉತ್ತರ: ಬೆಳಕಿನಲ್ಲಿ ಕೊರತೆಯಿಲ್ಲ. ಕಾರಣ ನಿಮ್ಮ ಕೊನೆಯ ಸಾಲುಗಳಲ್ಲೇ ಇದೆ. ಹ್ಯಾಲೈಡ್‌ನ ಶಾಖ ಹೋಯಿತು, ನೀರು ಆವಿಯಾಗುವುದು ಕಡಿಮೆಯಾಯಿತು. ನೀವು ಸುಣ್ಣ ಕೊಡುವುದು ಆವಿಯಾದ ನೀರಿನ ಲೆಕ್ಕದಲ್ಲಿ. ಹಾಗಾಗಿ ಸುಣ್ಣವೂ ಮೂರನೇ ಒಂದು ಪಾಲು ಕಡಿಮೆಯಾಯಿತು. ದಿನಕ್ಕೆ 2.4 ಗ್ರಾಂ ಹೋಗುತ್ತಿದ್ದದ್ದು ಈಗ 1.6 ಗ್ರಾಂ. ನೇರಳೆ ಪಾಚಿಯಂಥವು ಮೈ ಕಟ್ಟಲು ಅಲ್ಕಲಿನಿಟಿ ಬಳಸುತ್ತವೆ, ಸುಣ್ಣದ ನೀರು ಅದನ್ನು ತುಂಬಿಕೊಡುತ್ತದೆ. ಟ್ಯಾಂಕಿನ ಖರ್ಚು ಅಷ್ಟೇ ಇದೆ, ಆದಾಯ ಇಳಿದಿದೆ. ದೀಪ ಬದಲಿಸಿದ ಮೇಲೆ ಎಲ್ಲರ ಗಮನ ಹವಳದ ಬಣ್ಣದ ಮೇಲೆ ಇರುತ್ತದೆ. ಇದು ಸದ್ದಿಲ್ಲದೆ ಇಳಿಯುತ್ತಾ ಹೋಗುತ್ತದೆ. ನೀವು ಅಳೆದು ನೋಡಿದ್ದು ತುಂಬಾ ಒಳ್ಳೆಯದಾಯಿತು.

ಪರಿಹಾರ ಸುಲಭ. ಅದೇ 2.4 ಗ್ರಾಂ ಪುಡಿಯನ್ನು 4 ಲೀಟರ್‌ನಲ್ಲಿ ಕರಗಿಸಿ, ಅಂದರೆ ಲೀಟರಿಗೆ 0.6 ಗ್ರಾಂ. ಒಂದು ಲೀಟರ್ ನೀರು ಸುಮಾರು ಒಂದೂವರೆ ಗ್ರಾಂವರೆಗೆ ಸುಣ್ಣ ಕರಗಿಸಿಕೊಳ್ಳುತ್ತದೆ, ಆದ್ದರಿಂದ ಜಾಗ ಇದೆ. ರಾತ್ರಿ ಹೊತ್ತು ನಿಧಾನವಾಗಿ ಹನಿಸಿ, ಪಿಎಚ್ 8.5 ದಾಟದಂತೆ ನೋಡಿಕೊಳ್ಳಿ.

ಈಗಾಗಲೇ ಇಳಿದದ್ದನ್ನು ಏರಿಸಲು ಅಡುಗೆ ಸೋಡಾ ಸಾಕು. ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಬೇರೆ ವಸ್ತುಗಳೂ ಇರುತ್ತವೆ. 350 ಲೀಟರಿಗೆ ಸುಮಾರು 10 ಗ್ರಾಂ ಸೋಡಾ ಹಾಕಿದರೆ 1 ಡಿಗ್ರಿ ಏರುತ್ತದೆ. ದಿನಕ್ಕೆ 5 ಗ್ರಾಂನಂತೆ ಆರ್‌ಒ ನೀರಲ್ಲಿ ಕರಗಿಸಿ, ನೀರು ಜೋರಾಗಿ ಹರಿಯುವ ಕಡೆ ಹಾಕಿ. ಮೂರು ದಿನದಲ್ಲಿ 8.5ರ ಹತ್ತಿರ ಬರುತ್ತದೆ. ಒಂದೇ ದಿನ ಏರಿಸುವ ಆತುರ ಬೇಡ.

ಎಲೆ ಅಡಿಕೆಗೆ ಹಾಕುವ ಸುಣ್ಣ ಮನೆಯಲ್ಲೇ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಬೇಡವೇ ಬೇಡ. ಅದರಲ್ಲಿ ಬೇರೆ ಏನೇನು ಸೇರಿದೆಯೋ ಹೇಳಲಾಗದು. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನೇ ಬಳಸಿ.

ಜೂನ್‌ನಲ್ಲಿ ಈ ಲೆಕ್ಕ ಮತ್ತೆ ಬದಲಾಗುತ್ತದೆ. ಸಾಗರದ ಮಳೆಗಾಲದಲ್ಲಿ ಗಾಳಿಯೇ ತೇವದಿಂದ ತುಂಬಿರುತ್ತದೆ, ನೀರು ಇನ್ನೂ ಕಡಿಮೆ ಆವಿಯಾಗುತ್ತದೆ. ಆಗ ವಾರಕ್ಕೆರಡು ಸಲ ಅಲ್ಕಲಿನಿಟಿ ನೋಡಿ, ಪುಡಿಯ ಪ್ರಮಾಣ ಸರಿ ಮಾಡಿಕೊಳ್ಳಿ.

ಪ್ರಶ್ನೆ: ಎಲ್‌ಇಡಿ ಹಾಕಿದ ಮೇಲೆ ಕಲ್ಲುಹವಳ ಸಾಕುವ ಆಸೆ ಬಂದಿದೆ. ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆಯಂತೆ. ಅಲ್ಲಿಂದ ಚಿಕ್ಕ ತುಂಡು, ಸಮುದ್ರದ ನೀರು ತರಬಹುದೇ?
– ಓದುಗರು, ಭದ್ರಾವತಿ

ಉತ್ತರ: ಹವಳ ತರಬೇಡಿ. ಬಂಡೆ ಕಟ್ಟುವ ಎಲ್ಲ ಕಲ್ಲುಹವಳಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿವೆ, ಹುಲಿ ಇರುವ ಅದೇ ಪಟ್ಟಿಯಲ್ಲಿ. ಬೆಂಕಿಹವಳ, ಕಪ್ಪುಹವಳ, ಸೀ ಫ್ಯಾನ್ ಕೂಡ ಅದರಲ್ಲಿವೆ. ಕೀಳುವುದೂ ಅಪರಾಧ, ಮಾರುವುದೂ ಅಪರಾಧ. ಕಾನೂನು ಹಾಗಿರಲಿ, ನೇತ್ರಾಣಿಯಲ್ಲಿರುವ ಹವಳ ನಮ್ಮ ಕರಾವಳಿಗೆ ಅಪರೂಪದ್ದು. ನೀವು ಅದನ್ನು ನೋಡಲೇಬೇಕು ಅಂದರೆ ಡೈವಿಂಗ್‌ಗೆ ಹೋಗಿ, ನಿಜಕ್ಕೂ ಚೆನ್ನಾಗಿದೆ. ಟ್ಯಾಂಕಿಗೆ ಒಣ ಬಂಡೆ ಅಥವಾ ಸೆರಾಮಿಕ್ ಬಂಡೆ ಹಾಕಿ. ಮೆದುಹವಳ ಕೊಳ್ಳುವಾಗಲೂ ಎಲ್ಲಿಂದ ಬಂತು ಅಂತ ಕೇಳಿ, ಬಿಲ್ ತೆಗೆದುಕೊಳ್ಳಿ.

ನೀರಿನ ಬಗ್ಗೆಯೂ ನನ್ನ ಸಲಹೆ ಬೇಡ ಎಂದೇ. ಮಳೆಗಾಲದಲ್ಲಿ ಹೊನ್ನಾವರದ ಕಡೆ ಶರಾವತಿಯ ಸಿಹಿನೀರು, ಮಣ್ಣು ಎಲ್ಲ ಸಮುದ್ರಕ್ಕೆ ಸೇರುತ್ತದೆ. ಉಪ್ಪಿನ ಪ್ರಮಾಣ ದಿನಕ್ಕೊಂದು. ಆರ್‌ಒ ನೀರಿಗೆ ಸಾಲ್ಟ್ ಮಿಕ್ಸ್ ಬೆರೆಸುವುದೇ ಮೇಲು.

ಪ್ರಶ್ನೆ: ನಮ್ಮಲ್ಲಿ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಒಂದೆರಡು ದಿನ ಕರೆಂಟ್ ಇರುವುದಿಲ್ಲ. ಹ್ಯಾಲೈಡ್ ಇನ್ವರ್ಟರ್ ಮೇಲೆ ನಡೆಯುತ್ತಿರಲಿಲ್ಲ. ಈಗ 100 ವಾಟ್‌ನ ಎಲ್‌ಇಡಿ ಇದೆ, ಅದನ್ನು ಇನ್ವರ್ಟರ್‌ಗೆ ಜೋಡಿಸಬಹುದಲ್ವಾ? ಬ್ಯಾಟರಿ 12 ವೋಲ್ಟ್, 150 ಎಎಚ್.
– ಓದುಗರು, ತೀರ್ಥಹಳ್ಳಿ

ಉತ್ತರ: ಜೋಡಿಸಲು ಬರುತ್ತದೆ, ಆದರೆ ಜೋಡಿಸಬೇಡಿ. ಹವಳ ಎರಡು ಮೂರು ದಿನ ಕತ್ತಲಲ್ಲಿ ಇರಬಲ್ಲದು. ನೀರು ನಿಂತರೆ ಆಮ್ಲಜನಕ ಕೆಲವೇ ಗಂಟೆಯಲ್ಲಿ ಇಳಿಯುತ್ತದೆ, ಮೊದಲು ಸಾಯುವುದು ಮೀನು.

ನಿಮ್ಮ ಬ್ಯಾಟರಿಯಿಂದ ನೆಚ್ಚಿಕೊಳ್ಳಬಹುದಾದದ್ದು ಸುಮಾರು 1000 ವಾಟ್-ಗಂಟೆ. ಒಂದು ವೇವ್‌ಮೇಕರ್ (ನೀರು ಆಡಿಸುವ ಪಂಪ್), ಒಂದು ಏರ್ ಪಂಪ್ ಸೇರಿ 25 ವಾಟ್ ಅಂದರೆ 40 ಗಂಟೆ ನಡೆಯುತ್ತದೆ. ಅದಕ್ಕೆ 100 ವಾಟ್‌ನ ದೀಪವನ್ನೂ ಸೇರಿಸಿದರೆ 8 ಗಂಟೆಗೆ ಬ್ಯಾಟರಿ ಖಾಲಿ. 300 ವಾಟ್‌ನ ಹೀಟರ್ ಸೇರಿಸಿದರೆ ಮೂರು ಗಂಟೆ. ಚಳಿ ಜಾಸ್ತಿ ಇದ್ದರೆ ಟ್ಯಾಂಕಿನ ಮೂರು ಬದಿಗೆ ಥರ್ಮೋಕೋಲ್ ಒತ್ತಿ, ಮೇಲೆ ಕಂಬಳಿ ಹೊದಿಸಿ. ಗಾಳಿ ಆಡಲು ಸ್ವಲ್ಪ ಜಾಗ ಬಿಡಿ.

ಎಲ್‌ಇಡಿಯ ಲಾಭ ಸಿಗುವುದು ಕರೆಂಟ್ ಪದೇ ಪದೇ ಹೋಗಿ ಬರುವಾಗ. ಹ್ಯಾಲೈಡ್ ಒಮ್ಮೆ ಆರಿದರೆ ತಣ್ಣಗಾಗದೆ ಮತ್ತೆ ಹತ್ತಿಕೊಳ್ಳುವುದಿಲ್ಲ, 10–15 ನಿಮಿಷ ಕಾಯಬೇಕು. ಎಲ್‌ಇಡಿ ತಕ್ಷಣ ಹತ್ತಿಕೊಳ್ಳುತ್ತದೆ. ಆದರೆ ಅದಕ್ಕೆ ಕರೆಂಟ್ ಕೊಡುವ ಡ್ರೈವರ್ ದೊಡ್ಡ ವೋಲ್ಟೇಜ್ ಏರಿಳಿತವನ್ನು ತಡೆಯದೇ ಇರಬಹುದು. ಸ್ಟೆಬಿಲೈಸರ್, ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಉಪ್ಪುನೀರಿನ ಪಕ್ಕದ ಪ್ಲಗ್‌ಗಳಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್) ಇಲ್ಲದಿದ್ದರೆ ಈ ಮಳೆಗಾಲಕ್ಕೆ ಮುಂಚೆಯೇ ಎಲೆಕ್ಟ್ರಿಷಿಯನ್ ಕರೆಸಿ. ಮಲೆನಾಡಿನ ತೇವದಲ್ಲಿ ಎಲ್‌ಇಡಿಯ ಫ್ಯಾನ್ ಮೇಲೆ ಉಪ್ಪು ಕೂತು ಬೇಗ ತುಕ್ಕು ಹಿಡಿಯುತ್ತದೆ. ತಿಂಗಳಿಗೊಮ್ಮೆ ಸ್ವಿಚ್ ತೆಗೆದು, ಒಣ ಬ್ರಷ್‌ನಿಂದ ಫ್ಯಾನ್, ಹೀಟ್‌ಸಿಂಕ್ ಉಜ್ಜಿ.

ಎರಡು ದಿನಕ್ಕಿಂತ ಜಾಸ್ತಿ ಕತ್ತಲಾಗಿದ್ದರೆ, ಕರೆಂಟ್ ಬಂದ ದಿನ ಎಲ್‌ಇಡಿಯನ್ನು ಅರ್ಧಕ್ಕೆ ಇಳಿಸಿ ಹಚ್ಚಿ. ನಾಲ್ಕೈದು ದಿನದಲ್ಲಿ ಮೊದಲಿನ ಮಟ್ಟಕ್ಕೆ ತನ್ನಿ.