ವಿದೇಶಿ ಕಂಪನಿ ಬಂದರೆ ಟಿಪ್ಪರ್ ಓಡುತ್ತದಾ?

ಗೋವಾದ ಸಾವರ್ಡೆಯ ಟಿಪ್ಪರ್ ಮಾಲೀಕರೊಬ್ಬರು ಕಳೆದ ಸಂಚಿಕೆಯ ಕಬ್ಬಿಣದ ಗಣಿ ಲೇಖನ ಓದಿ ಪತ್ರ ಬರೆದಿದ್ದಾರೆ. ಮೂಲ ಗದಗ ಕಡೆಯವರು. ಅವರ ಮಾತಿನ ಸಾರ ಇಷ್ಟು: "ಸರಕಾರ ಹಕ್ಕು ನನ್ನದು ಅಂತ ಕೂತಿದೆ, ಕೋರ್ಟು ಬಾಗಿಲು ಹಾಕಿದೆ. ದೊಡ್ಡ ವಿದೇಶಿ ಕಂಪನಿಗೆ ಕೊಟ್ಟುಬಿಟ್ಟರೆ ಗಣಿ ನಡೆಯುತ್ತದೆ, ನಮ್ಮ ಗಾಡಿಯೂ ಓಡುತ್ತದೆ. ನಿಮ್ಮ ಪತ್ರಿಕೆ ಯಾಕೆ ಅಡ್ಡಗಾಲು ಹಾಕುತ್ತದೆ? ನಾನು ಇನ್ನೊಂದು ಗಾಡಿಗೆ ಸಾಲ ಮಾಡಲೋ ಬೇಡವೋ?"

ಸಂಪಾದಕರ ಉತ್ತರ:

ಅಣ್ಣಾವ್ರೇ, ಅಡ್ಡಗಾಲು ಹಾಕುವಷ್ಟು ಉದ್ದದ ಕಾಲು ನಮ್ಮ ಪತ್ರಿಕೆಗೆ ಇಲ್ಲ. ಆದರೆ ನಿಮ್ಮ ಸಿಟ್ಟು ಅರ್ಥವಾಗುತ್ತದೆ. 2012ರಲ್ಲಿ ಗಣಿ ನಿಂತ ಮೇಲೆ ರಸ್ತೆ ಬದಿಯಲ್ಲಿ ಸಾಲುಗಟ್ಟಿ ನಿಂತ ಟಿಪ್ಪರ್‌ಗಳನ್ನು ನಾವೂ ನೋಡಿದ್ದೇವೆ. ಟಯರಿನ ಸುತ್ತ ಹುಲ್ಲು ಬೆಳೆದಿತ್ತು. ಬ್ಯಾಟರಿಯನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ.

ಆದರೂ ವಿದೇಶಿ ದುಡ್ಡಿಗೆ ಬಾಗಿಲು ಮುಚ್ಚಿದೆ ಅನ್ನುವುದು ಸರಿಯಲ್ಲ. ಕಬ್ಬಿಣದಂಥ ಲೋಹದ ಅದಿರಿನ ಗಣಿಗೆ 2006ರಿಂದಲೇ ನೂರಕ್ಕೆ ನೂರು ವಿದೇಶಿ ಬಂಡವಾಳ ಬರಬಹುದು, ಅದಕ್ಕೆ ಸಾಮಾನ್ಯವಾಗಿ ದೆಹಲಿಯ ಮುಂಚಿತ ಅನುಮತಿಯೂ ಬೇಕಿಲ್ಲ. ಗುತ್ತಿಗೆ ಹಿಡಿಯುವ ಕಂಪನಿ ಮಾತ್ರ ಇಲ್ಲಿ ನೋಂದಣಿಯಾಗಿರಬೇಕು. ಗೋವಾದಲ್ಲಂತೂ ಇದು ಹಳೇ ಕಥೆ. ಸೇಸಾ ಗೋವಾ 1954ರಲ್ಲಿ ಶುರುವಾದದ್ದೇ ಇಟಲಿಯವರ ದುಡ್ಡಿನಲ್ಲಿ. 1996ರಲ್ಲಿ ಜಪಾನಿನ ಮಿತ್ಸುಯಿ ಕೈಗೆ ಹೋಯಿತು. 2007ರಲ್ಲಿ ಲಂಡನ್ ಷೇರುಪೇಟೆಯಲ್ಲಿದ್ದ ವೇದಾಂತ ಕೊಂಡಿತು. ನಿಮ್ಮ ಟ್ರಿಪ್ಪಿನ ರೇಟು ಅದರಿಂದ ಬದಲಾಯಿತಾ?

ಕಗ್ಗಂಟು ಇರುವುದು ಗುತ್ತಿಗೆಯ ಕಾಗದದಲ್ಲಿ. ಪೋರ್ಚುಗೀಸರು ಗಣಿ ಹಕ್ಕನ್ನು ಅವಧಿಯೇ ಇಲ್ಲದೆ ಕೊಟ್ಟಿದ್ದರು. 1961ರಲ್ಲಿ ಅವರು ಹೋದರೂ ಆ ಹಕ್ಕು ಹೋಗಲಿಲ್ಲ. 1987ರಲ್ಲಿ ಕೇಂದ್ರ ಸರಕಾರ ಕಾನೂನು ಮಾಡಿ ಅವನ್ನೆಲ್ಲ ಗುತ್ತಿಗೆ ಅಂತ ಬದಲಿಸಿತು. ಆ ಗುತ್ತಿಗೆಗಳು 2007ರ ನವೆಂಬರಿಗೇ ಮುಗಿದಿದ್ದವು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2014ರಲ್ಲಿ! ಅಂದರೆ ಚೀನಾದವರು ನಮ್ಮ ಕಡಿಮೆ ದರ್ಜೆಯ ಅದಿರನ್ನೂ ಮುಗಿಬಿದ್ದು ಕೊಳ್ಳುತ್ತಿದ್ದ ಕಾಲ, ನೀವು ಎಷ್ಟು ಟ್ರಿಪ್ ಹೊಡೆದರೂ ಸಾಲದಿದ್ದ ಕಾಲ, ಬಹುಪಾಲು ಗುತ್ತಿಗೆಯೇ ಇಲ್ಲದ ಗಣಿಗಾರಿಕೆ. ಅಷ್ಟಾದ ಮೇಲೂ ರಾಜ್ಯ ಸರಕಾರ ಹರಾಜು ಹಾಕದೆ 88 ಗುತ್ತಿಗೆಗಳನ್ನು ಹಳಬರಿಗೇ ನವೀಕರಿಸಿತು. 2018ರ ಫೆಬ್ರವರಿಯಲ್ಲಿ ಕೋರ್ಟು ಅವನ್ನು ರದ್ದು ಮಾಡಿತು. ನಿಮ್ಮ ಗಾಡಿ ಎರಡನೇ ಸಲ ನಿಂತದ್ದು ಇದಕ್ಕೆ.

ಇನ್ನೂ ಹೊಟ್ಟೆ ಉರಿಸುವುದು ರಾಯಲ್ಟಿ, ಅಂದರೆ ತೆಗೆದ ಅದಿರಿಗೆ ಕಂಪನಿ ಸರಕಾರಕ್ಕೆ ಕಟ್ಟುವ ಪಾಲು. 2009ರ ಆಗಸ್ಟ್ ತನಕ ಅದು ಬೆಲೆಯ ಮೇಲೆ ಇರಲಿಲ್ಲ, ಟನ್ನಿಗೆ ಇಷ್ಟು ಅಂತ ಇತ್ತು. ಒಳ್ಳೆಯ ಅದಿರಿಗೂ 27 ರೂಪಾಯಿ ದಾಟುತ್ತಿರಲಿಲ್ಲ. ಅದೇ ಟನ್ನು ಹಡಗು ಹತ್ತಿದ ಮೇಲೆ ಸಾವಿರಗಟ್ಟಲೆ. ಸಂಡೂರು, ಹೊಸಪೇಟೆ ಕಡೆಯೂ ಇದೇ ಲೆಕ್ಕ; ಅಲ್ಲಿ ಏನಾಯಿತು ಅಂತ ನಿಮಗೆ ಹೇಳಬೇಕಾ? ಆ ನಡುವಿನ ದುಡ್ಡು ಎಣಿಸಿಕೊಂಡವರಲ್ಲಿ ಅಪ್ಪಟ ದೇಶಿ ಮನೆತನಗಳೂ ಇದ್ದವು.

ಬೇರೆ ದೇಶಗಳಲ್ಲೂ ಇದನ್ನೇ ನೋಡುತ್ತೇವೆ: ಕಂಪನಿ ಯಾವ ದೇಶದ್ದು ಅನ್ನುವುದಕ್ಕಿಂತ ಷರತ್ತು ಏನು ಅನ್ನುವುದೇ ಮುಖ್ಯ. ಜಾಂಬಿಯಾ ಸಾಲದ ಒತ್ತಡದಲ್ಲಿ 1990ರ ದಶಕದ ಕೊನೆಗೆ ತಾಮ್ರದ ಗಣಿಗಳನ್ನು ಮಾರಿತು. ರಾಯಲ್ಟಿ ನೂರಕ್ಕೆ ಬರೀ 0.6 ಅಂತ ಒಪ್ಪಿಕೊಂಡಿತು. ತಾಮ್ರದ ಬೆಲೆ ಜಿಗಿದಾಗ ಬಾಯಿ ಬಿಟ್ಟುಕೊಂಡು ನೋಡಿ, 2008ರಲ್ಲಿ ಆ ಒಪ್ಪಂದಗಳನ್ನೇ ಮುರಿಯಿತು. ಬೋಟ್ಸ್ವಾನಾ ಕೂಡ ವಜ್ರ ತೆಗೆಯಲು ಡಿ ಬಿಯರ್ಸ್ ಕಂಪನಿಯನ್ನೇ ಕರೆದದ್ದು. ಆದರೆ ಇಬ್ಬರೂ ಸೇರಿ ಕಟ್ಟಿದ ಡೆಬ್ಸ್ವಾನಾದಲ್ಲಿ ಅರ್ಧ ಪಾಲು ಸರಕಾರದ್ದು.

ಅದಿರು ಮತ್ತೆ ಬೆಳೆಯುವುದಿಲ್ಲ. ಊರಿನ ಹೊಲ ಮಾರಿದ ದುಡ್ಡನ್ನು ಯಾರೂ ಸಂಬಳ ಅಂತ ಖರ್ಚು ಮಾಡುವುದಿಲ್ಲ, ಅಲ್ವಾ? ಮಾರಾಟದ ನೂರಕ್ಕೆ ಹತ್ತು ಪಾಲು ಶಾಶ್ವತ ನಿಧಿಗೆ ಹೋಗಬೇಕು ಎಂದು ಕೋರ್ಟು 2014ರಲ್ಲಿ ಹೇಳಿದ್ದು ಅದಕ್ಕೇ. ಈಗ ರಾಯಲ್ಟಿ ನೂರಕ್ಕೆ 15, ಅದರ ಮೇಲೆ ಸರಕಾರಕ್ಕೆ ಕೊಡುತ್ತೇನೆ ಅಂತ ಕಂಪನಿ ಹರಾಜಿನಲ್ಲಿ ಕೂಗಿದ ಪಾಲು. ನನಗೆ ಈ ಹರಾಜು ಪದ್ಧತಿಯೇ ಸರಿ ಅನ್ನಿಸುತ್ತದೆ.

ಆದರೆ ಇದರಲ್ಲಿ ನಿಮಗೊಂದು ಹೊಡೆತ ಇದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ. ಹರಾಜಿನಲ್ಲಿ ಜಾಸ್ತಿ ಕೂಗಿದವನು ಎಲ್ಲಿಂದಾದರೂ ಹಿಂಡಿಕೊಳ್ಳಬೇಕಲ್ಲ. ರಾಯಲ್ಟಿ ಮುಟ್ಟುವ ಹಾಗಿಲ್ಲ, ಬೆಲೆ ಅವನ ಕೈಯಲ್ಲಿಲ್ಲ. ಉಳಿಯುವುದು ಕೂಲಿ ಮತ್ತು ಗಾಡಿ ಬಾಡಿಗೆ. ಹಾಗಾಗಿ ನಿಮ್ಮ ಸಂಘ ಸರಕಾರದ ಹತ್ತಿರ ಹೋಗಬೇಕಾದದ್ದು ಹರಾಜಿಗೆ ಮುಂಚೆ. ಸ್ಥಳೀಯ ಗಾಡಿಗೆ ಇಷ್ಟು ಕೆಲಸ, ಕಿಲೋಮೀಟರಿಗೆ ಇಷ್ಟು, ಡೀಸೆಲ್ ಏರಿದರೆ ಬಾಡಿಗೆಯೂ ಏರಬೇಕು ಅಂತ ಷರತ್ತಿನಲ್ಲೇ ಬರೆಸಿ. ಆಮೇಲೆ ಕೇಳಿದರೆ ಕಂಪನಿ ಇಟಲಿಯದಾಗಲಿ, ಇಳಕಲ್ಲಿನದಾಗಲಿ, ಸೆಕ್ಯುರಿಟಿಯವನು ಗೇಟಿನಲ್ಲೇ ಕೂರಿಸುತ್ತಾನೆ.

ಇನ್ನು ಸಾಲದ ವಿಷಯ. ಹರಾಜಾದ ಗಣಿ ಮಾರನೇ ದಿನವೇ ಶುರುವಾಗುವುದಿಲ್ಲ. ಡಿಚೋಲಿಯ (ಬಿಚೋಲಿಮ್) ಗಣಿ 2022ರ ಡಿಸೆಂಬರಿನಲ್ಲಿ ಹರಾಜಾಯಿತು, ಕೆಲಸ ಶುರುವಾದದ್ದು 2024ರಲ್ಲಿ. ನಡುವೆ ಪರಿಸರ ಅನುಮತಿ ಬೇಕು, ಜನರ ಅಹವಾಲು ಸಭೆ ನಡೆಯಬೇಕು. ನಿಮ್ಮ ಹತ್ತಿರದ ಗಣಿ ಇದರಲ್ಲಿ ಎಲ್ಲಿಗೆ ಬಂದಿದೆ ಅಂತ ಪಂಚಾಯತಿಯಲ್ಲಿ ವಿಚಾರಿಸಿ. ಅನುಮತಿ ಪತ್ರ ಕಣ್ಣಿಗೆ ಬೀಳುವ ತನಕ ಹೊಸ ಗಾಡಿ ಬೇಡ. ಇರುವುದನ್ನು ಸದ್ಯಕ್ಕೆ ಮರಳು, ಜಲ್ಲಿಗೆ ಓಡಿಸಿ.