ಸಂಕೋಚದ ಹುಡುಗಿ ಉದ್ಯಮ ನಡೆಸಬಲ್ಲಳೇ? ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ರಾಣೆಬೆನ್ನೂರು ತಾಲ್ಲೂಕಿನಿಂದ ನೀವು ಬರೆದ ಪತ್ರ ತಲುಪಿದೆ. ನಿಮ್ಮ ಮಗಳು ಬಿ.ಎಸ್ಸಿ. ಕೃಷಿಯ ಕೊನೆಯ ವರ್ಷದಲ್ಲಿದ್ದು, ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆಯ ಪರೀಕ್ಷೆಗೆ ಓದುವುದನ್ನು ಬಿಟ್ಟು ಊರಿನಲ್ಲೇ ತರಕಾರಿ ಸಸಿಗಳ ನರ್ಸರಿ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ ಎಂದು ತಿಳಿಸಿದ್ದೀರಿ. ‘ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿ ವ್ಯಾಪಾರ ಹೇಗೆ ಮಾಡಿಯಾಳು, ಉದ್ಯಮಿಯ ಗುಣ ಹುಟ್ಟಿನಿಂದಲೇ ಬರಬೇಕಲ್ಲವೇ’ ಎಂಬುದು ನಿಮ್ಮ ಪ್ರಶ್ನೆ. ಮಗ ಕೇಳಿದ್ದರೆ ಇಷ್ಟು ಯೋಚಿಸುತ್ತಿರಲಿಲ್ಲ ಎಂದೂ ಮುಚ್ಚುಮರೆಯಿಲ್ಲದೆ ಬರೆದಿದ್ದೀರಿ. ಇಂಥದೇ ಆತಂಕ ಹೊತ್ತ ತಂದೆತಾಯಂದಿರು ಬಹಳ ಮಂದಿ ಇರುವುದರಿಂದ ಉತ್ತರವನ್ನು ತುಸು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮಾತು ಕಡಿಮೆ, ಸಂಕೋಚ ಹೆಚ್ಚು ಎಂಬುದು ಸ್ವಭಾವ. ಅದರಲ್ಲಿ ಹುಟ್ಟಿನ ಪಾಲು ಇದ್ದೇ ಇದೆ. ಆತ್ಮವಿಶ್ವಾಸದ ವಿಚಾರ ಬೇರೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ವಿಚಾರದ ಪ್ರಕಾರ, ‘ಈ ಕೆಲಸ ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಆಯಾ ಕೆಲಸಕ್ಕೆ ಸಂಬಂಧಿಸಿದ್ದು. ಅದನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಬೆಳೆಸುವುದು ಸ್ವತಃ ಮಾಡಿ ಗೆದ್ದ ಅನುಭವ. ತಮ್ಮಂಥವರೇ ಮಾಡಿ ತೋರಿಸಿದ್ದನ್ನು ಕಾಣುವುದು, ಹಿರಿಯರು ಹುರಿದುಂಬಿಸುವುದು ಮುಂತಾದವು ಅದಕ್ಕೆ ನೆರವಾಗುತ್ತವೆ. ಆದ್ದರಿಂದ ವೇದಿಕೆಯ ಮೇಲೆ ನಡುಗುವ ಹುಡುಗಿ ಸಸಿಮಡಿಯ ಮುಂದೆ ನಿಂತಾಗ ಅಳುಕದೆ ನಿರ್ಧಾರ ತೆಗೆದುಕೊಳ್ಳಬಲ್ಲಳು. ಭಾಷಣದಲ್ಲಿ ಬಹುಮಾನ ಗೆದ್ದವನು ಮೊದಲ ನಷ್ಟಕ್ಕೇ ಅಂಗಡಿ ಮುಚ್ಚಲೂಬಹುದು.

ಉದ್ಯಮಿಯ ಗುಣವನ್ನು ಕಲಿಸಲು ಬರುತ್ತದೆಯೇ ಎಂಬ ಪ್ರಶ್ನೆಯನ್ನು ನಮ್ಮ ನೆರೆಯಲ್ಲೇ ಪರೀಕ್ಷಿಸಿ ನೋಡಲಾಗಿದೆ. 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲಂಡ್ ಮತ್ತು ಸಂಗಡಿಗರು ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಹೈದರಾಬಾದಿನಲ್ಲಿ ಸಾಧನಾ ಪ್ರೇರಣೆಯ, ಅಂದರೆ ಗುರಿ ಇಟ್ಟುಕೊಂಡು ಸಾಧಿಸುವ ತುಡಿತವನ್ನು ಬೆಳೆಸುವ, ತರಬೇತಿ ಕೊಡಿಸಿ, ಆಮೇಲೆ ಅವರ ವಹಿವಾಟು ಹೇಗೆ ಸಾಗಿತೆಂದು ಗಮನಿಸಿದರು. ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಚುರುಕಾಗಿ ವ್ಯವಹಾರ ವಿಸ್ತರಿಸಿದ್ದು ಕಂಡುಬಂತು. ಆ ಪರಂಪರೆಯ ಒಂದು ಆಟವನ್ನು ಉದ್ಯಮಶೀಲತಾ ಶಿಬಿರಗಳಲ್ಲಿ ಇಂದಿಗೂ ಆಡಿಸುತ್ತಾರೆ. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ಬಳೆಯಂಥ ರಿಂಗುಗಳು; ಎಷ್ಟು ದೂರದಿಂದ ಎಸೆಯಬೇಕೆಂಬುದು ಆಡುವವರ ಆಯ್ಕೆ. ಕೆಲವರು ಗೂಟದ ಮೇಲೆಯೇ ಬಾಗಿ ಹಾಕುತ್ತಾರೆ, ಕೆಲವರು ಅದೃಷ್ಟ ನಂಬಿ ಬಹುದೂರದಿಂದ ಬೀಸುತ್ತಾರೆ. ಉದ್ಯಮಕ್ಕೆ ಹೊಂದುವ ಮನಸ್ಸಿನವರು ಕಷ್ಟವಾದರೂ ಕೈಗೆಟುಕುವ ದೂರವನ್ನು ಆರಿಸಿಕೊಂಡು, ತಪ್ಪಿದಾಗ ಅರ್ಧ ಹೆಜ್ಜೆ ಮುಂದೆ ಬಂದು, ತಾಗಿದಾಗ ಅರ್ಧ ಹೆಜ್ಜೆ ಹಿಂದೆ ಸರಿದು ಮತ್ತೆ ಎಸೆಯುತ್ತಾರೆ. ನಿಮ್ಮ ಮಗಳ ಮಾತನ್ನು ಅಳೆಯುವ ಬದಲು, ಅವಳು ಎಷ್ಟು ದೂರದಲ್ಲಿ ನಿಲ್ಲಲು ಬಯಸುತ್ತಾಳೆ ಎಂಬುದನ್ನು ನೋಡಿ. ಮೊದಲ ವರ್ಷವೇ ಎಕರೆಗಟ್ಟಲೆ ಪಾಲಿಹೌಸ್ (ಬೆಳೆಗೆ ಪ್ಲಾಸ್ಟಿಕ್ ಹೊದಿಕೆಯ ಮನೆ) ಬೇಕು ಎಂದರೆ ನಾನೂ ಹಿಂಜರಿಯುತ್ತೇನೆ. ಹಿತ್ತಲಿನ ಎರಡು ಗುಂಟೆ ಸಾಕು ಎಂದರೆ ಅವಳಿಗೆ ಲೆಕ್ಕ ತಿಳಿದಿದೆ ಎಂದರ್ಥ.

ಕೃಷಿ ಕಾಲೇಜುಗಳು ಈ ದಿಕ್ಕಿನಲ್ಲಿ ಏನೂ ಮಾಡುತ್ತಿಲ್ಲ ಎನ್ನಲಾಗದು. ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲಿ ತಂಗಿ ರೈತರ ಜೊತೆ ಕೆಲಸ ಮಾಡುವ ಕಾರ್ಯಾನುಭವ ಶಿಬಿರ ಬಹುಕಾಲದಿಂದ ಇದೆ. 2015ರಿಂದ ‘ಸ್ಟೂಡೆಂಟ್ ರೆಡಿ’ ಯೋಜನೆಯಡಿ ಅಣಬೆ, ಎರೆಗೊಬ್ಬರ, ನರ್ಸರಿಯಂಥ ಘಟಕಗಳನ್ನು ವಿದ್ಯಾರ್ಥಿಗಳೇ ನಡೆಸುವ ಅನುಭವಾತ್ಮಕ ಕಲಿಕೆಗೂ ಒತ್ತು ಸಿಕ್ಕಿದೆ. ಆದರೆ ಅಲ್ಲಿ ಜಾಗ ಕಾಲೇಜಿನದು, ಬಂಡವಾಳ ಕಾಲೇಜಿನದು. ಕೊನೆಗೆ ಸಿಗುವುದು ಅಂಕ. ಮಾರಾಟವಾಗದೆ ಉಳಿದ ಸರಕಿನ ಹೊರೆ ಹೊತ್ತು ಕಲಿಯುವ ಪಾಠ ಅಲ್ಲಿ ಪೂರ್ತಿ ದಕ್ಕುವುದಿಲ್ಲ. ಪದವೀಧರರು ಬುದ್ಧಿಯಿದ್ದೂ ಸ್ವಂತ ಕೆಲಸಕ್ಕೆ ಅಂಜುವುದಕ್ಕೆ ಇದೇ ಮುಖ್ಯ ಕಾರಣವೆಂದು ನಾನು ಬಲವಾಗಿ ನಂಬಿದ್ದೇನೆ.

ನರ್ಸರಿಯನ್ನೇ ನೋಡಿ. 98 ಗುಳಿಗಳ ಟ್ರೇಯಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಮೆಣಸಿನ ಬೀಜ ಊರಿದರೆ, ಸುಮಾರು 35ರಿಂದ 40 ದಿನಕ್ಕೆ ಸಸಿ ನಾಟಿಗೆ ಬರುತ್ತದೆ. ನೀರು ಹೆಚ್ಚಾದರೆ ಬುಡ ಕೊಳೆತು ರಾತ್ರೋರಾತ್ರಿ ಸಾಲುಸಾಲೇ ಮಲಗಿಬಿಡುತ್ತದೆ. ಅದಕ್ಕೆ ಕಾಲೇಜಿನ ಓದು ಉತ್ತರ ಕೊಡುತ್ತದೆ. ಆದರೆ ಸಸಿ ಸೊಗಸಾಗಿ ಬಂದು ಮಳೆ ಹತ್ತು ದಿನ ಕೈಕೊಟ್ಟರೆ, ಹೇಳಿ ಹೋದ ರೈತ ಒಯ್ಯಲು ಬರುವುದಿಲ್ಲ. ಟ್ರೇಯಲ್ಲೇ ಉಳಿದ ಸಸಿ ಬೇರು ಸುತ್ತಿಕೊಂಡು ಬಲಿಯುತ್ತದೆ, ಆಮೇಲೆ ಅದನ್ನು ಕೇಳುವವರಿಲ್ಲ. ಮುಂಗಡ ಎಷ್ಟು ಹಿಡಿಯಬೇಕು, ಒಂದೇ ದಿನ ಎಲ್ಲ ಬಿತ್ತದೆ ವಾರ ಬಿಟ್ಟು ವಾರ ಹೇಗೆ ಹಂಚಿ ಬಿತ್ತಬೇಕು, ಸಸಿಯನ್ನು ಸಾಲಕ್ಕೆ ಕೇಳುವ ಸಂಬಂಧಿಕರಿಗೆ ಏನು ಹೇಳಬೇಕು ಎಂಬುದೆಲ್ಲ ಒಂದು ಹಂಗಾಮು ಸ್ವತಃ ನಡೆಸಿದ ಮೇಲೆಯೇ ತಿಳಿಯುತ್ತದೆ. ಸಂಕೋಚದವರಿಗೆ ಈ ಕೊನೆಯದು ನಿಜಕ್ಕೂ ಕಷ್ಟ. ದರ ಮತ್ತು ಮುಂಗಡದ ಫಲಕವನ್ನು ಬಾಗಿಲಲ್ಲೇ ಬರೆದು ಹಾಕಿದರೆ ಅರ್ಧ ಮಾತು ಆಡುವುದೇ ತಪ್ಪುತ್ತದೆ.

ಮಗನಾಗಿದ್ದರೆ ಎಂಬ ನಿಮ್ಮ ಮಾತಿಗೆ ನೇರವಾಗಿ ಉತ್ತರಿಸುತ್ತೇನೆ. ನಿಮ್ಮ ತಾಲ್ಲೂಕಿನ ಹೈಬ್ರಿಡ್ ಬೀಜೋತ್ಪಾದನೆಯಲ್ಲಿ ಹೂ ಬಿಡಿಸಿ, ಪರಾಗ ಮುಟ್ಟಿಸುವ ಸೂಕ್ಷ್ಮ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳ ಕೈಯಲ್ಲೇ ನಡೆಯುತ್ತದೆ. ಆ ಕೌಶಲವನ್ನು ಕೂಲಿಗೆ ಒಪ್ಪುವ ನಾವು ಒಡೆತನಕ್ಕೆ ಒಪ್ಪದಿರುವುದು ಅನ್ಯಾಯ. ನಾನು ಬಲ್ಲಂತೆ ಹುಡುಗಿಯರ ಆತ್ಮವಿಶ್ವಾಸ ಹೆಚ್ಚಾಗಿ ಕುಗ್ಗುವುದು ಮನೆಯ ಪಡಸಾಲೆಯಲ್ಲೇ.

ಹೀಗೆ ಮಾಡಿ ನೋಡಬಹುದು. ಹೋದರೂ ಸಂಸಾರ ನಡುಗದಷ್ಟು ಹಣವನ್ನು ನೀವಿಬ್ಬರೂ ಕೂತು ಗೊತ್ತುಮಾಡಿ, ಎರಡು ಹಂಗಾಮಿಗೆ ಅವಳ ಕೈಗೆ ಕೊಡಿ. ಲೆಕ್ಕದ ಪುಸ್ತಕ ಅವಳೇ ಬರೆಯಲಿ, ನೀವು ನಡುವೆ ಕೈಹಾಕಬೇಡಿ. ಬ್ಯಾಂಕ್ ಪರೀಕ್ಷೆಯ ಓದು ಜೊತೆಗೇ ಸಾಗಲಿ. ಒಂದನ್ನು ಹಿಡಿಯಲು ಇನ್ನೊಂದನ್ನು ಈಗಲೇ ಬಿಡಬೇಕಾಗಿಲ್ಲ. ಪದವಿ ಕೈಗೆ ಬಂದ ಮೇಲೆ, 2002ರಲ್ಲಿ ಆರಂಭವಾದ ಕೇಂದ್ರದ ಅಗ್ರಿ ಕ್ಲಿನಿಕ್ ಮತ್ತು ಅಗ್ರಿ ಬಿಸಿನೆಸ್ ಕೇಂದ್ರಗಳ ಯೋಜನೆಯನ್ನು ವಿಚಾರಿಸಿ. ಕೃಷಿ ಪದವೀಧರರಿಗೆ ಉಚಿತ ತರಬೇತಿ, ಅನಂತರ ಬ್ಯಾಂಕ್ ಸಾಲಕ್ಕೆ ಸಹಾಯಧನ ಅದರಲ್ಲಿದೆ. ಮಾರ್ಗಸೂಚಿಯಲ್ಲಿ ಸಹಾಯಧನ ಸಾಮಾನ್ಯವಾಗಿ ಶೇ. 36, ಮಹಿಳೆಯರಿಗೆ ಶೇ. 44. ಸಾಲ ಮಂಜೂರು ಮಾಡುವುದು ಬ್ಯಾಂಕೇ ಆದ್ದರಿಂದ ಆ ಎರಡು ಹಂಗಾಮಿನ ಲೆಕ್ಕದ ಪುಸ್ತಕ ಅಲ್ಲಿ ಕೆಲಸಕ್ಕೆ ಬರುತ್ತದೆ. ಶಾಖೆಗೆ ನೀವೂ ಜೊತೆಯಲ್ಲಿ ಹೋಗಿ. ಮ್ಯಾನೇಜರ್ ಕೇಳುವ ಪ್ರಶ್ನೆಗಳಿಗೆ ಮಾತ್ರ ಅವಳೇ ಉತ್ತರಿಸಲಿ.

— ಸಂಪಾದಕ